ಠಾಕುರ್ಲಿಯ ಅಂಗಳದಲ್ಲಿ ಗೋಳಗುಮ್ಮಟ

2009ರ ಅಕ್ಟೋಬರ್‌ನಲ್ಲಿ, ದೀಪಾವಳಿ ರಜೆ ಶುರುವಾದ ದಿನ, ಠಾಕುರ್ಲಿಯ ನಮ್ಮ ಕಟ್ಟಡದ ಅಂಗಳದಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟತೊಡಗಿದರು. ನಾಲ್ಕನೇ ತರಗತಿಯಲ್ಲಿದ್ದ ನನ್ನ ಮಗಳು ಶ್ರಾವಣಿಯನ್ನು ಶತ್ರುಪಕ್ಷಕ್ಕೆ ಹಾಕಿದರು. ಕಾರಣ, ಅವಳ ಊರು ವಿಜಾಪುರ.

ಈ ಮರಾಠಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಮಕ್ಕಳು ಕೋಟೆ ಕಟ್ಟುತ್ತಾರೆ. ಅದಕ್ಕೆ 'ಕಿಲ್ಲಾ' ಎನ್ನುತ್ತಾರೆ. ಇಟ್ಟಿಗೆ ಚೂರು, ಗೋಣಿಚೀಲ, ಕೆಸರು ಸೇರಿಸಿ ಬೆಟ್ಟ ಮಾಡಿ, ಮೇಲೆ ಸಾಸಿವೆ ಬಿತ್ತಿ ಹಸಿರು ಬರಿಸಿ, ತುದಿಯಲ್ಲಿ ಮರಾಠರ ಮಹಾರಾಜರನ್ನು ಕೂರಿಸುತ್ತಾರೆ. ಕೆಳಗೆ ಮಣ್ಣಿನ ಸೈನಿಕರು. ನಮ್ಮಲ್ಲಿ ಹಬ್ಬಕ್ಕೆ ಸಗಣಿಯ ಪಾಂಡವರನ್ನು ಮಾಡುತ್ತಿದ್ದೆವು. ಆ ಕೈಗೆ ಈ ಕೆಸರು ಹೊಸದೇನಲ್ಲ. ಹೊಸದಾಗಿದ್ದದ್ದು ಶತ್ರುವಿನ ಊರು.

ಶ್ರಾವಣಿ ಮೇಲೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು: "ಆಯಿ, ಆಪಣ ಶತ್ರೂ ಆಹೋತ ಕಾ?" ಅಮ್ಮಾ, ನಾವು ಶತ್ರುಗಳಾ?

ಕೈಯಲ್ಲಿ ಶಾಲೆಯ ಇತಿಹಾಸದ ಪುಸ್ತಕವಿತ್ತು. ಅದರಲ್ಲಿ ಮಹಾರಾಜರ ಕೋಟೆಗಳ ಮೇಲೆ ಮತ್ತೆ ಮತ್ತೆ ದಂಡು ಕಳಿಸುವುದು ವಿಜಾಪುರದ ದರಬಾರು. ಆ ಪುಸ್ತಕ ನನಗೆ ಹೊಸದಲ್ಲ. 2004ರಲ್ಲಿ ಇಲ್ಲಿಗೆ ಬಂದಾಗ ನನಗೆ ಮರಾಠಿಯಲ್ಲಿ ತರಕಾರಿ ಕೇಳಲೂ ಬರುತ್ತಿರಲಿಲ್ಲ. ಮಗಳ ಪಾಠಗಳನ್ನು ಅವಳ ಜೊತೆ ಗಟ್ಟಿಯಾಗಿ ಓದುತ್ತ ಕಲಿತೆ. ಅವಳು ಎರಡನೇ ತರಗತಿ ಮುಗಿಸುವ ಹೊತ್ತಿಗೆ ಲೋಕಲ್ ಗಾಡಿಯಲ್ಲಿ ಸೀಟಿಗಾಗಿ ಜಗಳವಾಡುವಷ್ಟು ಮರಾಠಿ ನನಗೂ ಬಂದಿತ್ತು. ಪತ್ರಿಕೆಯೊಂದರಲ್ಲಿ ಕನ್ನಡ ಕರಡು ತಿದ್ದುವ ನನಗೆ ಅದು ಸಣ್ಣ ಗೆಲುವಲ್ಲ. ವಿಜಾಪುರದ ದಂಡಿನ ಪಾಠವನ್ನೂ ಹಾಗೆಯೇ, ಉಚ್ಚಾರದ ಮೇಲೆ ಗಮನವಿಟ್ಟು, ಓದಿ ಮುಗಿಸಿದ್ದೆ. ಅದು ನಮ್ಮ ಊರು ಎಂದು ಹೊಳೆದಿರಲಿಲ್ಲ.

ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಲೆಕ್ಕ ಬರೆಯುವ ನನ್ನ ಗಂಡ ಸಂಜೆ ಬಂದು ವಿಷಯ ಕೇಳಿ ನಕ್ಕರು. "ಎಲ್ಲೀ ದಂಡು, ಅವ್ವಾ? ದಿನಾ ಕಳಂಬೋಲಿಗಿ ಹೋಗಿ ಬರೂದ್ರಾಗ ನಂದ ಸೋಲಾಗೇದ. ನಾ ಯಾರ್ ಕ್ವಾಟಿ ಮ್ಯಾಲ ಹೋಗ್ಲಿ?"

ಮಗಳು ನಗಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಅವಳ ವಯಸ್ಸಿನಲ್ಲಿ ಓದಿದ ಪುಸ್ತಕದ ಕಥೆ ಹೇಳಿದೆ. ವಿಜಾಪುರದ ಯಾವ ಓಣಿಯಿಂದ ನೋಡಿದರೂ ಗುಮ್ಮಟ ಕಾಣುತ್ತದೆ. ಇಲ್ಲಿ ನಮ್ಮ ಕಿಟಕಿಯಿಂದ ಕಾಣುವುದು ಎದುರಿನವರ ಕಿಟಕಿ. ಗುಮ್ಮಟದ ನೆರಳಲ್ಲೇ ಬೆಳೆದ ನನಗೆ ಅದರ ಕಥೆಯ ಆ ತೆಳ್ಳನೆಯ ಪುಸ್ತಕ ಬಾಯಿಪಾಠವಾಗಿತ್ತು. ಕಲ್ಲುಕುಟಿಗನ ಮಗಳು ಗುಮ್ಮಟದೊಳಗೆ ಒಬ್ಬಳೇ ಇದ್ದಾಗ ದಂಡೊಂದು ನುಗ್ಗುತ್ತದೆ. ಅವಳು ಮೇಲಿನ ಮೊಗಸಾಲೆಗೆ ಹತ್ತಿ ಒಮ್ಮೆ ಕೂಗುತ್ತಾಳೆ. ಕೂಗು ಏಳು ಸಲ ಮರುದನಿಸುತ್ತದೆ. ಒಳಗೆ ದೊಡ್ಡ ಸೈನ್ಯವೇ ಇದೆ ಎಂದು ದಂಡು ಕಾಲ್ಕೀಳುತ್ತದೆ.

ಶ್ರಾವಣಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಕೋಣಾಚಂ ಸೈನ್ಯ?" ಎಂದಳು. ಓಡಿಹೋದದ್ದು ಯಾರ ಸೈನ್ಯ?

ನೆನಪಾಗಲಿಲ್ಲ. ಹುಡುಗಿಯ ಲಂಗದ ಅಂಚು, ಮೆಟ್ಟಿಲ ಕತ್ತಲು, ಪುಟದ ಮೂಲೆಯ ಎಣ್ಣೆ ಕಲೆ ಎಲ್ಲ ಕಣ್ಣ ಮುಂದಿತ್ತು. ಓಡಿಹೋದ ದಂಡಿಗೆ ಮಾತ್ರ ಮುಖವಿರಲಿಲ್ಲ. "ಪುಸ್ತಕ ಬರ್ಲಿ, ನೋಡೂಣು" ಎಂದೆ.

ವಿಜಾಪುರದಿಂದ ಹಬ್ಬಕ್ಕೆ ಬರಲಿದ್ದ ಅಣ್ಣನಿಗೆ ಫೋನ್ ಮಾಡಿದೆ. ಶೇಂಗಾ ಹೋಳಿಗೆಯ ಡಬ್ಬಿಯ ಜೊತೆ ಪುಸ್ತಕವೂ ಬಂತು. "ಹೊದಿಕಿ ಇಲಿ ತಿಂದಾವ್ ನೋಡ. ಕಥಿ ಉಳಿಸ್ಯಾವ" ಎಂದ ಅಣ್ಣ. ಅಡುಗೆಮನೆಯಲ್ಲಿ ನಿಂತೇ ಪುಟ ತಿರುವಿದೆ. ಉತ್ತರ ಅಲ್ಲಿತ್ತು. ಗುಮ್ಮಟಕ್ಕೆ ನುಗ್ಗಿದ್ದು ಪಡುವಣದಿಂದ ಲೂಟಿಗೆ ಬಂದ ಮರಾಠರ ದಂಡು.

ಗಂಡ ಇಣುಕಿ ನೋಡಿ ದನಿ ತಗ್ಗಿಸಿದರು. "ಆ ಒಂದ್ ಸಾಲ ಬಿಟ್ ಓದ. ಆಕಿಗೆ ಕನ್ನಡ ಓದಾಕ ಬರಂಗಿಲ್ಲ, ಏನ್ ಗೊತ್ತಾಗ್ತದ?"

"ಬಿಡಂಗಿಲ್ರೀ. ಇವತ್ ಬಿಟ್ರ, ಮುಂದ ಓದಾಕ ಕಲ್ತಾಗ ಏನಂತಾಳ?"

"ಈಗ ಕೆಳಗ ಹೋಗಿ ಆ ಹುಡುಗ್ರ ಮುಂದ ಹೇಳಿದ್ರ? ಕೂಡಿ ಆಡೂ ಗೆಳ್ಯಾರು ಅವ್ರ."

ಆ ಭಯ ನನಗೂ ಇತ್ತು. ಆದರೂ ಒಂದು ಸಾಲನ್ನೂ ಬಿಡದೆ ಓದಿದೆ. ಶ್ರಾವಣಿ ಕೇಳಿದಳು: "ಮ್ಹಣಜೇ ತುಝ್ಯಾ ಪುಸ್ತಕಾತ ಆಪಣ ಶತ್ರೂ?" ಅಂದರೆ ನಿನ್ನ ಪುಸ್ತಕದಲ್ಲಿ ನಾವು ಶತ್ರುಗಳಾ?

ರಜೆಯ ಮೊದಲ ದಿನ ಅವಳು 'ನಾವು' ಎಂದದ್ದು ವಿಜಾಪುರದವರಿಗೆ. ಈ ಸಲ ಅನ್ನುತ್ತಿದ್ದುದು ಇಲ್ಲಿಯವರಿಗೆ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಹೌದು" ಎಂದೆ. ಅವಳು ಎದ್ದು ಹಿಟ್ಟು ಕಲಸುವ ಸ್ಟೀಲಿನ ಬೋಗುಣಿ ತೆಗೆದುಕೊಂಡು ಕೆಳಗಿಳಿದಳು.

ನಾನು ಹಿಂದೆಯೇ ಹೋದೆ. ಬೋಗುಣಿಯನ್ನು ಕೋಟೆಯ ಬದಿಯಲ್ಲಿ ಬೋರಲು ಹಾಕಿ, ಅವಳು ಅದಕ್ಕೆ ಕೆಸರು ಮೆತ್ತಿ ಗುಮ್ಮಟ ಮಾಡುತ್ತಿದ್ದಳು. ಕೋಟೆಯ ಯಜಮಾನಿಕೆ ವಹಿಸಿದ್ದ ಓಂಕಾರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ವಿಜಾಪುರ ಇಥೇ ಚಾಲಣಾರ ನಾಹೀ!" ಇಲ್ಲಿ ವಿಜಾಪುರ ನಡೆಯುವುದಿಲ್ಲ ಎಂದು ಅವನ ಆಕ್ಷೇಪ. ಶ್ರಾವಣಿ ತಲೆಯೆತ್ತದೆ ಮೆತ್ತುತ್ತಲೇ ಇದ್ದಳು. ಮಾತು ಏರುವಷ್ಟರಲ್ಲಿ ನೆಲಮಹಡಿಯ ಗೋಖಲೆ ಕಾಕು ಕಿಟಕಿಯಿಂದ ಗದರಿದರು. "ಅರೇ ಶಹಾಣ್ಯಾ, ವಿಜಾಪುರ ನಸೇಲ ತರ ಲಢಾಯಿ ಕೋಣಾಶೀ ಕರಣಾರ?" ಬುದ್ಧಿವಂತಾ, ವಿಜಾಪುರವೇ ಇಲ್ಲದಿದ್ದರೆ ಯುದ್ಧ ಯಾರ ಜೊತೆ ಮಾಡ್ತೀಯೋ?

ಓಂಕಾರ ಯೋಚಿಸಿದ. ಕೊನೆಗೆ ಗುಮ್ಮಟದ ಕಾವಲಿಗೆ ತನ್ನ ಕಡೆಯ ಇಬ್ಬರು ಸೈನಿಕರನ್ನು ಕೊಟ್ಟ. ಶ್ರಾವಣಿಯನ್ನು ಯಾವ ಪಕ್ಷಕ್ಕೂ ಹಾಕಲಿಲ್ಲ. ಎರಡೂ ಕಡೆ ಸಾಸಿವೆಗೆ ನೀರು ಹಾಕುವ ಕೆಲಸ ಅವಳಿಗೆ ಬಂತು. ಹಬ್ಬ ಮುಗಿಯುವವರೆಗೆ ನಾನು ಹಿತ್ತಾಳೆಯ ಪಾತ್ರೆಯಲ್ಲಿ ಹಿಟ್ಟು ಕಲಸಿದೆ.

ಈಗ 2017. ಅಂಗಳಕ್ಕೆ ಸಿಮೆಂಟ್ ಬಿದ್ದಿದೆ. ಮಕ್ಕಳು ಡೊಂಬಿವಲಿ ಪೇಟೆಯಿಂದ ಸಿದ್ಧ ಕೋಟೆ ತರುತ್ತಾರೆ. ಶ್ರಾವಣಿ ಕಾಲೇಜಿನಲ್ಲಿದ್ದಾಳೆ. ಕನ್ನಡ ಓದುವುದನ್ನು ಇನ್ನೂ ಕಲಿತಿಲ್ಲ. ಕಳೆದ ವಾರ ಕಪಾಟು ಒರೆಸುವಾಗ ಆ ಪುಸ್ತಕ ಕೈಗೆ ಬಂತು. ಮೊದಲ ಪುಟದಲ್ಲಿ ನಾನು ಚಿಕ್ಕಂದಿನಲ್ಲಿ ಬರೆದ ನನ್ನ ಹೆಸರಿದೆ, ಊರು ವಿಜಾಪುರ ಎಂದಿದೆ. ಅದರ ಕೆಳಗೆ ದೇವನಾಗರಿಯಲ್ಲಿ ಅವಳ ಹೆಸರಿದೆ. ಊರಿನ ಜಾಗ ಖಾಲಿ ಇದೆ.