ಬಿಸಿಲಿನ ಪಾಲು

ಆ ಪೆಟ್ಟಿಗೆ ಈಗಲೂ ನಮ್ಮ ಪಂಚಾಯತಿ ಕಟ್ಟಡದ ಕಪಾಟಿನ ಮೇಲೆ ಇದೆ. ಅದರ ಒಂದು ಮೂಲೆ ಒಳಕ್ಕೆ ಹೋಗಿದೆ. ಯಾರಾದರೂ ಕೇಳಿದರೆ, ತರುವಾಗ ದೋಣಿಯಿಂದ ಬಿದ್ದದ್ದು ಎನ್ನುತ್ತಾರೆ. ಸುಳ್ಳು. ನನ್ನ ಬಾವ, ಅಂದರೆ ಗಂಡನ ಅಣ್ಣ, ದೋಣಿಯ ಹುಟ್ಟು ಎತ್ತಿ ಹೊಡೆದ ಏಟು ಅದು. ಆ ಏಟು ಒಬ್ಬರ ತಲೆಗೆ ಬೀಳಬೇಕಿತ್ತು, ಪೆಟ್ಟಿಗೆ ಅಡ್ಡ ಬಂತು.

ನಾನು ಮೀನು ಮಾರುವವಳು. ಬುಟ್ಟಿ ಹೊತ್ತು ಬಸ್ಸು ಹತ್ತಿದರೆ ಬೈಂದೂರಿನಿಂದ ಬ್ರಹ್ಮಾವರದವರೆಗೂ ನನ್ನ ಗಿರಾಕಿಗಳಿದ್ದಾರೆ. ಬಾಯಿ ಜೋರು ಎಂದು ಹೆಸರು. ಕೈಯೂ ಜೋರು ಎಂಬುದು ಮೊದಲು ಮುಂಬಯಿಯ ಹೋಟೆಲಿನಲ್ಲಿರುವ ನನ್ನ ಗಂಡನಿಗೆ ಮಾತ್ರ ಗೊತ್ತಿತ್ತು. ಆ ಆಷಾಢದಲ್ಲಿ ಊರಿಗೆಲ್ಲ ಗೊತ್ತಾಯಿತು.

ನಮ್ಮೂರಿಗೆ ಎದುರು ಕಡಲು, ಬೆನ್ನಿಗೆ ಹೊಳೆ, ನಡುವೆ ಒಂದು ರಸ್ತೆ. ಕಡಲು ಕೋಪಿಸಿಕೊಂಡರೆ ಗದ್ದೆ ಬದಿಗೆ ಓಡುತ್ತೇವೆ, ಹೊಳೆ ಉಕ್ಕಿದರೆ ಗದ್ದೆಯವರು ನಮ್ಮ ಬದಿಗೆ ಬರುತ್ತಾರೆ. ಆ ವರ್ಷ ಎರಡೂ ಒಟ್ಟಿಗೇ ಬಂದವು. ಕಡಲು ರಸ್ತೆಯ ಅಂಚನ್ನು ಹಲ್ಲಲ್ಲಿ ಕಚ್ಚಿದಂತೆ ಕಚ್ಚಿ ಎಳೆಯಿತು. ತೆಂಗಿನ ಮರಗಳು ಬುಡಸಮೇತ ಬಿದ್ದವು, ಕರೆಂಟಿನ ಕಂಬಗಳು ಅವುಗಳ ಹಿಂದೆಯೇ ಹೋದವು. ನಮ್ಮ ಅಡುಗೆಮನೆಯ ಗೋಡೆ ನಾನು ನೋಡುತ್ತಿದ್ದಂತೆಯೇ ನೀರಿಗೆ ಕುಸಿಯಿತು. ಗೂಟದಲ್ಲಿ ನೇತು ಹಾಕಿದ್ದ ಸೌಟೊಂದು ಕೈಗೆ ಸಿಕ್ಕಿತು, ಅದನ್ನೇ ಹಿಡಿದುಕೊಂಡು ಶಾಲೆಗೆ ಓಡಿದೆ. ಅಲ್ಲಿ ಗಂಜಿ ಬಡಿಸಲು ನನ್ನನ್ನೇ ನಿಲ್ಲಿಸಿದರು.

ಶಾಲೆಯಲ್ಲಿ ನಮ್ಮ ಬಲೆಯ, ಅಂದರೆ ಒಂದೇ ಬಲೆ ಎಳೆದು ಬದುಕುವ, ಮನೆಗಳವರೇ ಹೆಚ್ಚು. ಗದ್ದೆ ಬದಿಯಿಂದ ಬಂದವರು ಗಂಡ ಹೆಂಡತಿ ಇಬ್ಬರೇ. ಅವರ ಮನೆಗೆ ನಾನು ವರ್ಷಗಟ್ಟಲೆ ಮೀನು ಕೊಟ್ಟವಳು. ಆ ಅಕ್ಕ ಒಳ್ಳೆಯ ಹೆಂಗಸು, ಚೌಕಾಸಿ ಮಾಡುವುದರಲ್ಲಿ ಮಾತ್ರ ರಾಕ್ಷಸಿ. ಗಂಡನಿಗೆ ದಮ್ಮು. ಔಷಧಿಯನ್ನು ಹಬೆ ಮಾಡಿ ಮೂಗಿಗೆ ಕೊಡುವ ಮಿಷನ್ ಒಂದನ್ನು ಅಕ್ಕ ಸೆರಗಿನಲ್ಲಿ ಸುತ್ತಿ, ಸೊಂಟದ ನೀರಿನಲ್ಲಿ ತಲೆಯ ಮೇಲೆ ಹೊತ್ತು ತಂದಿದ್ದರು. ಔಷಧಿ ಇತ್ತು, ಮಿಷನ್ ಇತ್ತು, ಕರೆಂಟು ಇರಲಿಲ್ಲ. ರಸ್ತೆ ಎರಡೂ ಕಡೆ ಕಡಿದಿತ್ತು, ಕುಂದಾಪುರದ ಆಸ್ಪತ್ರೆ ಇದ್ದೂ ಇಲ್ಲದ ಹಾಗೆ.

ಮಾರನೆಯ ದಿನ ಪಂಚಾಯತಿಯ ಹೆಣ್ಣುಮಗಳೊಬ್ಬಳು ಹೊಳೆಯ ಸೆಳವಿನಲ್ಲಿ ಜೀವ ಕೈಯಲ್ಲಿ ಹಿಡಿದು ದೋಣಿಯಲ್ಲಿ ಬಂದು ಆ ಪೆಟ್ಟಿಗೆ ಇಳಿಸಿದಳು. ಸೋಲಾರ್ ಪೆಟ್ಟಿಗೆ. ಒಳಗೆ ಬ್ಯಾಟರಿ, ಹೊರಗೆ ಚಾಪೆಯ ಹಾಗೆ ಬಿಡಿಸಿ ಹಾಸುವ ಕರಿ ಹಲಗೆಗಳು, ಒಂದು ದೀಪ, ವಯರು ಚುಚ್ಚುವ ತೂತುಗಳು. ‘ತುರ್ತಿಗೆ ಮಾತ್ರ’ ಎಂದು ಹೇಳಿ ಅವಳು ಹೊರಟಳು, ಬೇರೆ ಊರುಗಳೂ ಮುಳುಗಿದ್ದವು. ಆ ದಿನ ಮೋಡ ಸ್ವಲ್ಪ ಹೊತ್ತು ಬಿರಿದು ಬಿಸಿಲು ಬಿತ್ತು. ಹಲಗೆಗಳನ್ನು ಅಂಗಳದಲ್ಲಿ ಹಾಸಿದೆವು. ನಮ್ಮವಳೊಬ್ಬಳು ಅದರ ಮೇಲೆ ಒದ್ದೆ ಲಂಗ ಹರವಲು ಬಂದಳು, ಬೈದು ಓಡಿಸಿದೆ. ಮತ್ತೆ ಮೋಡ ಮುಚ್ಚಿತು. ಬ್ಯಾಟರಿಯ ಗುರುತಿನಲ್ಲಿ ಅರ್ಧವೂ ತುಂಬಿರಲಿಲ್ಲ.

ಅಷ್ಟು ಸ್ವಲ್ಪ ಇರುವಾಗಲೇ ಹಂಚುವ ಪ್ರಶ್ನೆ ಬರುವುದು. ಬಾವ ನಮ್ಮ ಬಲೆಯ ತಾಂಡೇಲ. ಕಡಲಲ್ಲಿ ಅವನು ಹೇಳಿದಂತೆ ದೋಣಿ ತಿರುಗುತ್ತದೆ, ದಡದಲ್ಲಿ ಅವನೇ ಮೀನು ಪಾಲು ಮಾಡುತ್ತಾನೆ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಳೆದ ಕೈಗೊಂದು ಪಾಲು. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಾಕಿದರೂ ಅವನನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಕೈ ಹಾಕದವನು ಅರಸನಾದರೂ ನಿಂತು ನೋಡಬೇಕು. ಇದರಲ್ಲೇ ಹುಟ್ಟಿ ಬೆಳೆದವರಿಗೆ ಬೇರೆ ನ್ಯಾಯ ತಲೆಗೆ ಹೋಗುವುದಿಲ್ಲ. ಬಾವ ಬ್ಯಾಟರಿಯನ್ನೂ ಮೀನಿನ ಹಾಗೆ ಪಾಲು ಮಾಡಿದ. ದೀಪ ಉರಿಯುವುದು ಪೆಟ್ಟಿಗೆಯ ಪಾಲು. ಉಳಿದದ್ದು ಬಲೆಯ ಮನೆಗಳಿಗೆ, ಮನೆಗೊಂದು ಫೋನು.

ಅವನನ್ನು ಪೂರ್ತಿ ದೂರುವ ಹಾಗೂ ಇಲ್ಲ. ಅವನ ಮಗ ಗಂಗೊಳ್ಳಿ ಕಡೆಗೆ ದೋಣಿಯಲ್ಲಿ ಹೋದವನು ಏನಾದ ಎಂದು ಸುದ್ದಿ ಇರಲಿಲ್ಲ. ಬಾವ ಚಾರ್ಜು ಸತ್ತ ಫೋನನ್ನು ಹಿಡಿದುಕೊಂಡು ಅದರ ಮುಖ ಒರೆಸುತ್ತಾ ಕೂತಿದ್ದ.

ಸಂಜೆಗೆ ಮೊದಲೇ ಅಕ್ಕನ ಗಂಡನ ಉಸಿರು ಸಿಳ್ಳೆ ಹಾಕತೊಡಗಿತು. ಎದೆಯ ಗೂಡು ಒಳಗೆ ಹೊರಗೆ ಹೋಗುತ್ತಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಕ್ಕ ಮಿಷನ್ ಹಿಡಿದು ಬಂದರು.

“ಅಣ್ಣಾ, ಇವ್ರಿಗೆ ಉಸ್ರ್ ಕಟ್ತಾ ಇತ್ತ್. ಒಂದ್ ಸಲ ಹಾಕ್ತೆ.”

“ನಿಮ್ ಮಿಷನ್ ಒಂದ್ ಸಲ ಕುಡ್ದ್ರೆ ನಮ್ ಅಷ್ಟೂ ಫೋನಿನ್ ಪಾಲ್ ಖಾಲಿ” ಎಂದ ಬಾವ. “ಬಲಿಗ್ ಕೈ ಹಾಕ್ದೋರಿಗೆ ಪಾಲ್. ನೀವ್ ಗದ್ದಿಯೋರ್.”

ನನಗೆ ಮೈ ಉರಿಯಿತು. ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಎಂಬ ಗಾದೆ ಕೇಳಿದ್ದೆ, ಬಿಸಿಲಿಗೆ ತಾಂಡೇಲನ ಅಪ್ಪಣೆ ಬೇಕು ಎಂದು ಅವತ್ತೇ ಗೊತ್ತಾದದ್ದು. “ಹ್ವಾಯ್ ಬಾವ, ಬಿಸ್ಲೆಂತ ನಿಮ್ ಬಲಿಗ್ ಬಿದ್ದದ್ದಾ?” ಎಂದೆ.

ಅಷ್ಟರಲ್ಲಿ ಅಕ್ಕ ಕೇಳುವುದನ್ನು ಬಿಟ್ಟು ವಯರನ್ನು ತೂತಿಗೆ ಚುಚ್ಚಿಬಿಟ್ಟಿದ್ದರು. ಬಾವ ಕಿತ್ತ. ಅವರು ಮತ್ತೆ ಚುಚ್ಚಿದರು, ಅವನು ಮತ್ತೆ ಕಿತ್ತ. ಮೂರನೆಯ ಸಲಕ್ಕೆ ಅಕ್ಕ ಅವನ ಅಂಗೈ ಬದಿಗೆ ಬಾಯಿ ಹಾಕಿ ಕಚ್ಚಿದರು. ಸುಮ್ಮನೆ ಅಲ್ಲ, ತಲೆ ಅಲ್ಲಾಡಿಸಿ ಕಚ್ಚಿದರು. ಅವನು ಕೂಗಿ ಇನ್ನೊಂದು ಕೈಯಲ್ಲಿ ಅವರ ಕೆನ್ನೆಗೆ ಬಿಟ್ಟ. ಅವರು ಬೆಂಚಿನ ಮೇಲೆ ಬಿದ್ದರು, ಬಾಯಲ್ಲಿ ರಕ್ತ ಇತ್ತು, ಯಾರ ರಕ್ತ ಎಂದು ಗೊತ್ತಾಗಲಿಲ್ಲ. ನಾನು ಸೌಟಿನಿಂದ ಬಾವನ ಬೆನ್ನಿಗೆ ಹೊಡೆದೆ. ನನ್ನ ಓರಗಿತ್ತಿ, ಅವನ ಹೆಂಡತಿ, ನನ್ನ ಜುಟ್ಟು ಹಿಡಿದಳು. ಅವಳಿಗೂ ಒಂದು ಕೊಟ್ಟೆ. ಆಮೇಲೆ ಯಾರು ಯಾರಿಗೆ ಹೊಡೆದರು ಎಂಬುದಕ್ಕೆ ತಲೆಬುಡ ಇಲ್ಲ. ಮನೆ ಕಳೆದುಕೊಂಡ ಸಿಟ್ಟು, ಮಗನ ಸುದ್ದಿ ಇಲ್ಲದ ಸಿಟ್ಟು, ಕಡಲಿಗೆ ಹೊಡೆಯಲಾಗದ ಸಿಟ್ಟೆಲ್ಲ ಎದುರಿಗೆ ಸಿಕ್ಕಿದ ಮೂಗು ಹಲ್ಲಿನ ಮೇಲೆ ಬಿತ್ತು. ಬಾವ ಮೂಲೆಯಲ್ಲಿದ್ದ ಹುಟ್ಟು ಎತ್ತಿ ಬೀಸಿದ. ಅಕ್ಕ ಬಗ್ಗಿದರು. ಪೆಟ್ಟಿಗೆಯ ಮೂಲೆ ನಜ್ಜಾದ ಸದ್ದಿಗೆ ಎಲ್ಲರೂ ನಿಂತರು. ದೀಪ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಹತ್ತಿಕೊಂಡಿತು.

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. “ದೋಣಿ ಹೋಯ್ತ್! ಓಡ್ಬನ್ನಿ, ದೋಣಿ ಹೋಯ್ತ್!”

ದಡದ ಮೇಲೆ ಎಳೆದಿಟ್ಟಿದ್ದ ನಮ್ಮ ದೊಡ್ಡ ದೋಣಿಯನ್ನು ಕಟ್ಟಿದ್ದ ತೆಂಗಿನ ಮರದ ಬುಡವನ್ನೇ ಕಡಲು ತಿಂದಿತ್ತು. ದೋಣಿ ಹೋದರೆ ಅಷ್ಟೂ ಮನೆಗಳ ಅನ್ನ ಹೋಯಿತು. ಹೊಡೆದವರು, ಹೊಡೆಸಿಕೊಂಡವರು ಎಲ್ಲ ಒಟ್ಟಿಗೇ ಓಡಿದೆವು. ಹಗ್ಗ ಹಾವಿನ ಹಾಗೆ ಮರಳಿನಲ್ಲಿ ಹೋಗುತ್ತಿತ್ತು. ಬಾವ ಅದರ ಮೇಲೆ ಬಿದ್ದ, ನಾವು ಅವನ ಹಿಂದೆ ಹಿಡಿದೆವು. ಅಲೆ ಬಂದು ಎದೆಗೆ ಒದ್ದು ಮಲಗಿಸುತ್ತಿತ್ತು, ಎದ್ದು ಹಿಡಿಯುವಷ್ಟರಲ್ಲಿ ಇನ್ನೊಂದು. ಒಬ್ಬನ ಭುಜ ಕೀಲು ತಪ್ಪಿ ಜೋತಾಡಿತು, ಅವನು ಇನ್ನೊಂದು ಕೈಯಲ್ಲೇ ಎಳೆದ. ದೋಣಿ ತಿರುಗಿ ಬಂದು ಬಾವನ ಪಕ್ಕೆಗೆ ಗುದ್ದಿತು, ಅವನು ನೀರಿನಡಿ ಹೋದ. ಅವನ ಜಾಗದಲ್ಲಿ ಹಗ್ಗ ಸಡಿಲವಾಗಲಿಲ್ಲ. ಅಲ್ಲಿ ಅಕ್ಕ ಇದ್ದರು. ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಕೈ ಅದು, ಈ ಹುರಿಹಗ್ಗ ಮುಟ್ಟಿದ ಕೈ ಅಲ್ಲ. ಚರ್ಮ ಸುಲಿದು ಹಗ್ಗ ಕೆಂಪಾದರೂ ಬಿಡಲಿಲ್ಲ.

ದೋಣಿಯನ್ನು ಮೇಲೆ ತಂದು ಶಾಲೆಯ ಗೇಟಿನ ಕಂಬಕ್ಕೆ ಬಿಗಿದೆವು. ಬಾವ ಮರಳಿನ ಮೇಲೆ ಕೂತು ಉಪ್ಪುನೀರು ಕಾರುತ್ತಿದ್ದ. ಅಕ್ಕ ಹೋಗಿ ಎರಡೂ ಅಂಗೈಗಳನ್ನು ಅವನ ಮುಖಕ್ಕೆ ಹಿಡಿದರು.

“ಕೈ ಹಾಕ್ದೋರಿಗೆ ಪಾಲ್ ಅಂದ್ರಲೆ. ಹಾಕಿದೆ ಕಾಣಿ. ಕೊಡಿ ಪಾಲ್.”

ಹಗ್ಗಕ್ಕೆ ಬಿದ್ದ ಕೈಗೆ ಪಾಲು ಇಲ್ಲ ಎಂದ ತಾಂಡೇಲ ನಮ್ಮ ಕಡೆ ಹುಟ್ಟಿಲ್ಲ. ಕದ್ದು ಚುಚ್ಚಿದರೆ ಮತ್ತೆ ಕೀಳುತ್ತಾನೆ, ಪಾಲೆಂದು ಕೊಟ್ಟದ್ದನ್ನು ಕೀಳಲಾರ ಎಂದೇ ಅಕ್ಕ ಗಂಡನನ್ನು ಬಿಟ್ಟು ಬಂದದ್ದು. ಬಾವ ಎದ್ದ, ಬಿದ್ದ, ಮತ್ತೆ ಎದ್ದು ಪಕ್ಕೆ ಹಿಡಿದುಕೊಂಡು ಶಾಲೆಯ ಕಡೆಗೆ ಓಡಿದ.

ಒಳಗೆ ದೀಪ ಉರಿಯುತ್ತಿತ್ತು. ಅಷ್ಟು ಹೊತ್ತು ಪೆಟ್ಟಿಗೆಯ ಹತ್ತಿರ ಇದ್ದದ್ದು ಅಕ್ಕನ ಗಂಡ ಒಬ್ಬರೇ. ಗೋಡೆಗೆ ಒರಗಿದ್ದರು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಮಿಷನ್ನಿನ ವಯರಿನ ತುದಿ ಅವರ ಕೈಯಲ್ಲೇ ಇತ್ತು. ತೂತು ಒಂದು ಗೇಣು ದೂರ. ಅವರು ಅದನ್ನು ಚುಚ್ಚಿರಲಿಲ್ಲ.

ಬಾವನೇ ಚುಚ್ಚಿದ. ಅಕ್ಕ ಕಚ್ಚಿದ ಕೈಯಲ್ಲೇ ಮಿಷನ್ನಿನ ಮುಖವಾಡವನ್ನು ಅವರ ಮೂಗಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನಿಗೆ ಬಡಿದ. “ಎಳೀರಿ, ಉಸ್ರ್ ಎಳೀರಿ” ಎಂದು ಹಗ್ಗ ಎಳೆಸುವ ಅದೇ ಗಂಟಲಲ್ಲಿ ಕೂಗಿದ. ಮಿಷನ್ ಗುರುಗುಟ್ಟಿತು. ಔಷಧಿ ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಮುಗಿಯಿತು, ದೀಪ ಆರಿತು. ಫೋನಿನ ಮಾತನ್ನು ಯಾರೂ ಎತ್ತಲಿಲ್ಲ. ಕತ್ತಲಲ್ಲಿ ಆ ಸಿಳ್ಳೆ ಸಣ್ಣದಾಗುತ್ತಾ ಹೋಗುವುದನ್ನು ಕೇಳುತ್ತಾ ಕೂತೆವು. ಉಸಿರು ನಿಂತಿತೋ ಸರಿಯಾಯಿತೋ ತಿಳಿಯಲಿಲ್ಲ. ಕೊನೆಗೆ ಅವರು ನೀರು ಕೇಳಿದರು.

ಬಾವನ ಮಗ ಗಂಗೊಳ್ಳಿಯ ನೆಂಟರ ಮನೆಯಲ್ಲಿ ಮೂರು ಹೊತ್ತೂ ಉಂಡು ಸುಖವಾಗಿದ್ದ, ಫೋನು ನೀರಿಗೆ ಬಿದ್ದಿತ್ತಂತೆ. ಬಾವ ಈಗ ಈ ಕಥೆಯನ್ನು ದಡದಲ್ಲಿ ಬಲೆ ಸರಿಮಾಡುವಾಗೆಲ್ಲ ಹೇಳುತ್ತಾನೆ. ಹೊಡೆದಾಟ ಬಿಟ್ಟು ಹೇಳುತ್ತಾನೆ. “ಯಾರೂ ಇಲ್ದಿದ್ರೂ ಆ ಮನ್ಷ ಪಾಲಿಲ್ದೆ ಮುಟ್ಟಿದ್ದಿಲ್ಲೆ ಕಾಣಿ. ನ್ಯಾಯ ಅಂದ್ರೆ ಅದ್” ಎಂದು ಮುಗಿಸುತ್ತಾನೆ. ನಾನೂ ಬಹಳ ದಿನ ಅದನ್ನು ನಂಬಿದ್ದೆ, ಬಸ್ಸಿನಲ್ಲಿ ನಾಲ್ಕು ಜನರಿಗೆ ಹೇಳಿದ್ದೆ ಕೂಡ.

ಮಳೆಗಾಲ ಕಳೆದು ಬಂಗುಡೆ ಬರತೊಡಗಿದ ಮೇಲೆ ಅವರ ಮನೆಗೆ ಹೋದೆ. ಅಕ್ಕ ಗದ್ದೆಯಲ್ಲಿದ್ದರು. ಅವರ ಗಂಡ ಪಾತ್ರೆ ಹಿಡಿದು ಜಗಲಿಗೆ ಬಂದರು. ಆ ದಿನ ನಾವು ದಡಕ್ಕೆ ಓಡಿದ ಮೇಲೆ ನೀವು ಯಾಕೆ ವಯರು ಚುಚ್ಚಲಿಲ್ಲ, ನಿಮ್ಮ ನ್ಯಾಯ ದೊಡ್ಡದು ಎಂದೆ.

“ನ್ಯಾಯ ಎಂತದೂ ಅಲ್ಲ ಮಗಾ” ಎಂದರು. “ಮುಟ್ಟಿರೆ ಮತ್ತ್ ಬಂದ್ ಹೊಡಿತ್ರಿ ಅಂದೇಳಿ ಹೆದ್ರಿಕಿ ಆಯ್ತ್.”

“ಯಾರ್, ಬಾವನಾ?”

“ನೀವೆಲ್ಲ. ನಿನ್ ಕೈಯಗೂ ಸೌಟ್ ಇತ್ತಲೆ.”

ನಾನು ಹೊಡೆದದ್ದು ಅವರಿಗಾಗಿ. ಹಾಗೆಂದು ಹೇಳಲು ಬಾಯಿ ತೆರೆದವಳು ಬುಟ್ಟಿ ಇಳಿಸಿ ಕೂತೆ. ಬುಟ್ಟಿಯಿಂದ ಮೀನು ತೆಗೆದೆ. ಅವರು ಮೆಟ್ಟಿಲ ಮೇಲೆಯೇ ನಿಂತು, ಕೈ ಪೂರ್ತಿ ಚಾಚಿ, ಪಾತ್ರೆಯನ್ನು ನನ್ನ ಕಡೆಗೆ ದೂರದಿಂದಲೇ ಹಿಡಿದಿದ್ದರು.