ಹೊಗೆ ಕುಡಿದು ಸೌದೆ ಆರಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ಹಿಂದೆ, ಸೌದೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ಎರಡು ಕೊರಡು ಎತ್ತಿ ಒಂದಕ್ಕೊಂದು ಬಡಿಯುತ್ತಾರೆ. ಟಣ್ ಎಂದರೆ ಒಣಗಿದೆ, ಬಲಕ್ಕೆ. ದಬ್ ಎಂದರೆ ಇನ್ನೂ ಹಸಿ, ಎಡಕ್ಕೆ. ಅವರ ಕೆಲಸ ನೋಡಲು ಬಂದ ನನಗೆ ಮುಖ ಎತ್ತದೆಯೇ ಒಂದು ಮಾತು: "ಅಲ್ಲಿ ನಿಲ್ಲಬೇಡಿ, ಬೆಳಕಿಗೆ ಅಡ್ಡ." ನಾನು ತೆಪ್ಪಗೆ ಪಕ್ಕಕ್ಕೆ ಸರಿಯುತ್ತೇನೆ.

ಇವರನ್ನು ಎಲ್ಲರೂ ಕರೆಯುವುದು ಹೊಗೆ ಅಕ್ಕ ಎಂದೇ. ವಯಸ್ಸಿನಲ್ಲಿ ಹಿರಿಯರಾದ ಶೆಡ್ಡಿನ ಮಾಲೀಕರೂ ಹಾಗೇ ಅನ್ನುತ್ತಾರೆ. ಒಳಗಿನ ಹೊಗೆ ಕೋಣೆಯಲ್ಲಿ ಕೊಕ್ಕೆಗಳಿಗೆ ಮಾಂಸ ನೇತುಹಾಕಿ, ಕೆಳಗೆ ಹಣ್ಣಿನ ಮರದ ಸೌದೆಯನ್ನು ಉರಿ ಏಳದಂತೆ ಹೊಗೆಯಾಡಿಸುತ್ತಾರೆ. ಊರಿನ ಅರ್ಧ ಹೋಟೆಲುಗಳಿಗೆ ಮಾಂಸ ಹೋಗುವುದು ಇಲ್ಲಿಂದ. ತಿಂದವರು ಅಡುಗೆಯವನನ್ನು ಬಾಯ್ತುಂಬ ಹೊಗಳುತ್ತಾರೆ. ಸೌದೆ ಆರಿಸಿದ್ದು ಯಾರೆಂದು ಕೇಳಿದವರು ಇಲ್ಲ.

"ಕೋಳಿಗೆ ಕಿತ್ತಳೆ ಸಾಕು, ಅದು ಹಗುರ. ಕುರಿಗೆ ಪೇರಲೆನೇ ಆಗಬೇಕು. ನೇರಳೆ ಬಣ್ಣ ಕೊಡುತ್ತೆ, ಜಾಸ್ತಿಯಾದ್ರೆ ನಾಲಿಗೆ ಹಿಡ್ಕೊಳ್ಳುತ್ತೆ. ಮಾವಿಗೆ ಸೋನೆ ಜಾಸ್ತಿ, ಹಸಿ ಹಾಕಿದ್ರೋ, ಕತೆ ಮುಗೀತು," ಎನ್ನುತ್ತಾರೆ. ಆಮೇಲೆ ನಗುತ್ತಾ, "ನನ್ನ ಗಂಡ ಕೇಳ್ತಾರೆ, 'ನಾನು ಹೆಣ್ಣು ನೋಡೋಕೆ ಬಂದಾಗ ನನ್ನನ್ನೂ ಹೀಗೇ ಬಡಿದು ನೋಡಬೇಕು ಅಂತಿದ್ಯಾ' ಅಂತ."

ಬಡಿದು ನೋಡುವುದು ಬರೀ ಶುರು. ಪ್ರತಿ ಲೋಡಿನಿಂದ ಒಂದು ಚಕ್ಕೆ ಸೀಳಿ ಕೆಂಡದ ಮೇಲಿಡುತ್ತಾರೆ. ಏಳುವ ಹೊಗೆಯ ಮೇಲೆ ಸ್ಟೀಲ್ ಲೋಟ ಬೋರಲು ಹಿಡಿದು, ತುಂಬಿತು ಅನ್ನಿಸಿದಾಗ ಅಂಗೈಯಿಂದ ಮುಚ್ಚಿ ತಿರುಗಿಸಿ, ಒಂದು ಗುಟುಕು ನೀರು ಹಾಕಿ ಕುಲುಕುತ್ತಾರೆ. ಆಮೇಲೆ ಆ ನೀರು ಕುಡಿಯುತ್ತಾರೆ! ನೀರು ಕಹಿಯಾದರೆ ಮಾಂಸವೂ ಕಹಿ, ಆ ಲೋಡು ವಾಪಸ್. ನಾನೂ ಕುಡಿದು ನೋಡಿದೆ, ಕೆಮ್ಮು ಬಂತೇ ಹೊರತು ಬೇರೇನೂ ತಿಳಿಯಲಿಲ್ಲ. ಅದೇ ನೀರು ಬಾಯಿಗಿಟ್ಟು ಅವರು ಸೌದೆ ತಂದ ಗಾಡಿಯವನಿಗೆ, "ಇದನ್ನ ಟಾರ್ಪಾಲು ಮುಚ್ಚಿ ಬೆವರಿಸಿದ್ರಿ ತಾನೇ?" ಎಂದರು. ಅವನು ಹೌದೆಂದು ತಲೆ ಕೆರೆದುಕೊಂಡ. ಕಣ್ಣಾರೆ ನೋಡದಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಇಂಥ ನಾಲಿಗೆಯವರೂ ಒಮ್ಮೆ ಎಡವಿದ್ದಾರೆ. ಕಳೆದ ಮಳೆಗಾಲದಲ್ಲಿ ಪೇರಲೆ ಸೌದೆ ತಂದವನು ಅವರ ಸ್ವಂತ ತಮ್ಮ. "ತಮ್ಮನ ಸೌದೆಗೆ ಎಂಥಾ ಪರೀಕ್ಷೆ ಅಂತ ಲೋಟ ಮುಟ್ಟಲೇ ಇಲ್ಲ ನಾನು." ಮೇಲೆ ಒಣಗಿದ್ದ ಕಟ್ಟುಗಳ ಒಳಗೆ ಬೂಷ್ಟು ಹಿಡಿದಿತ್ತು. ಮದುವೆ ಮನೆಗೆ ಹೋಗಬೇಕಿದ್ದ ಕೋಣೆ ತುಂಬ ಮಾಂಸ ಕಹಿಯಾಗಿ, ಗುಂಡಿ ತೋಡಿ ಹೂಳಿದರು. "ನನ್ನ ಮುಖಕ್ಕೆ ಮಸಿ ಬಳಿದೆ" ಎಂದು ಅಕ್ಕ ಎಲ್ಲರೆದುರಿಗೆ ತಮ್ಮನಿಗೆ ಬೈದರು. ಅವತ್ತಿನಿಂದ ಅವನು ಇತ್ತ ತಲೆ ಹಾಕಿಲ್ಲ, ಮನೆಗೂ ಬಂದಿಲ್ಲ.

"ಲೋಟ ಹಿಡೀದೇ ಇದ್ದದ್ದು ನಾನು. ಬೈಸ್ಕೊಂಡಿದ್ದು ಅವನು," ಎಂದು ಅಕ್ಕ ಕೆಂಡ ಊದುತ್ತಾರೆ. "ಬಂದ್ರೆ ಸಾಕು ಅನ್ಸುತ್ತೆ. ಬಂದ್ರೆ ಏನು ಮಾಡ್ಲಿ ಅಂತಾನೂ ಅನ್ಸುತ್ತೆ."

ಬಿಸಿಲೇರುವ ಹೊತ್ತಿಗೆ ಗೇಟಿನಲ್ಲಿ ಒಂದು ಗಾಡಿ ನಿಲ್ಲುತ್ತದೆ. ಇಳಿದವನಿಗೆ ಅಕ್ಕನದೇ ಮೂಗು, ಅಕ್ಕನದೇ ಹುಬ್ಬು, ಯಾರೆಂದು ಹೇಳಬೇಕಾಗಿಲ್ಲ. "ಪೇರಲೆ ತಂದಿದ್ದೀನಿ," ಎಂದು ಅವನು ಹೇಳಿದ್ದು ಬಾಗಿಲಲ್ಲಿ ನಿಂತ ಮಾಲೀಕರಿಗೆ, ಅಕ್ಕನಿಗಲ್ಲ. ಮಾಲೀಕರು ಅಕ್ಕನ ಕಡೆ ಕೈ ತೋರಿಸುತ್ತಾರೆ.

ಅಕ್ಕ ಗಾಡಿ ಹತ್ತಿ, ಮೇಲಿನ ಕಟ್ಟುಗಳನ್ನು ಸರಿಸಿ, ತಳದಿಂದ ಒಂದು ಕೊರಡು ಎಳೆದು ಬಡಿಯುತ್ತಾರೆ. ಟಣ್. ಅಷ್ಟಕ್ಕೇ ಬಿಡುವುದಿಲ್ಲ. ಚಕ್ಕೆ ಸೀಳುತ್ತಾರೆ, ಕೆಂಡ, ಹೊಗೆ, ಲೋಟ, ನೀರು. ತಮ್ಮ ನೆಲ ನೋಡುತ್ತಾ ನಿಂತಿದ್ದಾನೆ. ಅಕ್ಕ ಅರ್ಧ ಕುಡಿದು, ಬಾಯಲ್ಲೇ ಇಟ್ಟುಕೊಂಡು ನುಂಗಿ, ಉಳಿದದ್ದನ್ನು ಅವನಿಗೆ ಚಾಚುತ್ತಾರೆ.

"ಕುಡಿ."

ಅವನು ಕುಡಿಯುತ್ತಾನೆ.

"ಕಹಿ ಇದೆಯೇನೋ?"

"ಇಲ್ಲ ಅಕ್ಕ."

"ಇಳಿಸು ಹಾಗಾದ್ರೆ. ಇಳಿಸಿ ಮನೆ ಕಡೆ ಹೋಗು, ಭಾವ ಇದ್ದಾರೆ. ಊಟ ಮಾಡ್ದೆ ಹೋಗಬೇಡ."

ಅವನು ಬೆನ್ನು ತಿರುಗಿಸಿ ಕಟ್ಟುಗಳಿಗೆ ಕೈ ಹಾಕುತ್ತಾನೆ, ಎರಡು ಸಲ ಕಣ್ಣೊರೆಸಿಕೊಳ್ಳುತ್ತಾನೆ. ಹೊಗೆಯ ಜಾಗ, ಯಾರೂ ಏನೂ ಕೇಳುವುದಿಲ್ಲ. ನಾನು ಮಾತ್ರ ತಡೆಯಲಾರದೆ ಅಕ್ಕನ ಹತ್ತಿರ ಬಗ್ಗಿ ಕೇಳಿಯೇಬಿಡುತ್ತೇನೆ: ಕಹಿ ಇದ್ದಿದ್ದರೆ?

ಅಕ್ಕ ಮುಂದಿನ ಕೊರಡು ಎತ್ತಿಕೊಳ್ಳುತ್ತಾರೆ.

"ಸೌದೆ ವಾಪಸ್ ಕಳಿಸ್ತಿದ್ದೆ. ಊಟಕ್ಕೆ ಆಗ್ಲೂ ಕರೀತಿದ್ದೆ."