ಮರಳಣ್ಣನ ಮೇಜಿನ ಮೇಲಿನ ಕಡಲು

ಬೆಳಿಗ್ಗೆ ಕಚೇರಿಗೆ ಬಂದವರೇ ಮರಳಣ್ಣ ಒಂದು ಬುಟ್ಟಿ ಮರಳನ್ನು ಮೂರು ಸಲ ಜರಡಿ ಹಿಡಿಯುತ್ತಿದ್ದರು. ಮೈಯಲ್ಲಿ ಜ್ವರವಿದ್ದಾಗಲೂ ತಪ್ಪಿಸಲಿಲ್ಲ, ಮಗಳ ಮದುವೆಯ ಮರುದಿನವೂ ತಪ್ಪಿಸಲಿಲ್ಲ. ಮೊದಲ ಸಲ ಕಲ್ಲಿಗೆ, ಎರಡನೆಯ ಸಲ ಕಪ್ಪೆಚಿಪ್ಪಿಗೆ, ಮೂರನೆಯ ಸಲ ದೇವರಿಗೆ ಎನ್ನುತ್ತಿದ್ದರು. ಮೂರನೆಯ ಸಲ ಜರಡಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಅದು ದೇವರ ಪಾಲು.

ಕರಾವಳಿ ಸೇನೆಯ ಕಚೇರಿಯಲ್ಲಿ ಅವರದು ಮರಳು ಮೇಜಿನ ಕೆಲಸ. ಎರಡು ಮಂಚದಷ್ಟು ಅಗಲದ, ಅಂಚು ಕಟ್ಟಿದ ಮೇಜು. ನಕ್ಷೆ ಕೊಟ್ಟರೆ ಅದರ ಮೇಲೆ ಗುಡ್ಡ, ಕೊಲ್ಲಿ, ದಡ ಎಲ್ಲವನ್ನೂ ಮರಳಲ್ಲಿ ಎಬ್ಬಿಸಿ ಕೊಡುತ್ತಿದ್ದರು. ಅಧಿಕಾರಿಗಳು ಸುತ್ತ ನಿಂತು, ಕೋಲು ಹಿಡಿದು, ಯುದ್ಧ ಹೇಗೆ ಮಾಡಬೇಕೆಂದು ತಮ್ಮ ತಮ್ಮಲ್ಲೇ ಯುದ್ಧ ಮಾಡುತ್ತಿದ್ದರು. ಅವರು ಹೋದ ಮೇಲೆ ಮರಳಣ್ಣ ಗುಡ್ಡಗಳನ್ನು ಸರಿಮಾಡುತ್ತಿದ್ದರು. ಹೀಗೆ ಇಪ್ಪತ್ತಾರು ವರ್ಷ. ಅದಕ್ಕೂ ಮೊದಲು ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಮರಳು ತೆಗೆದು ದೋಣಿಗೆ ತುಂಬುವ ಕೂಲಿ. ಶಾಲೆಯೊಂದಿಗಿನ ಸಂಬಂಧ ಮೂರನೆಯ ತರಗತಿಗೇ ಮುಗಿದಿತ್ತು.

ಆ ವರ್ಷ, ದೋಣಿಯಲ್ಲಿ ಒಂದು ದಿನದ ದಾರಿಯಲ್ಲಿರುವ ಕೊಲ್ಲಿಯೊಂದರಲ್ಲಿ ಕಡಲ್ಗಳ್ಳರೂ ಬಂದೂಕಿನ ಗುಂಪೊಂದೂ ಪಾಲುದಾರರಾಗಿ ಠಿಕಾಣಿ ಹೂಡಿದರು. ಸರಕಿನ ಹಡಗುಗಳನ್ನು ಹಿಡಿದಿಟ್ಟುಕೊಂಡರು. ಸಮುದ್ರದ ಕಡೆಯಿಂದ ಏರಿ ಆ ದಡವನ್ನು ಹಿಡಿಯಬೇಕೆಂದು ಅಪ್ಪಣೆಯಾಯಿತು. ಮರಳಣ್ಣ ಕೊಲ್ಲಿಯನ್ನು ಕಟ್ಟಿದರು. ನೀಲಿ ಬಳಿದ ಹಲಗೆ ಸಮುದ್ರ, ಬೆಂಕಿಪೊಟ್ಟಣಗಳು ದೋಣಿ, ಅಂಗಿಯ ಗುಂಡಿಗಳು ಶತ್ರುಗಳು. ಕೆಂಪು ಗುಂಡಿ ಕಡಲ್ಗಳ್ಳ, ಕಪ್ಪು ಗುಂಡಿ ಬಂದೂಕಿನವ. ಗುಂಡಿ ಬೇಕೆಂದು ಬರೆದ ಅರ್ಜಿ ‘ಎಷ್ಟು ತೂತಿನದು?’ ಎಂಬ ಪ್ರಶ್ನೆ ಹೊತ್ತು ವಾಪಸ್ ಬಂದದ್ದರಿಂದ ಮನೆಯ ಬಟ್ಟೆಗಳಿಂದಲೇ ಕಿತ್ತು ತಂದರು.

ಮನೆಯಲ್ಲಿ ಬಾಯಿಬಿಡಬಾರದೆಂಬ ಕಟ್ಟಪ್ಪಣೆಯಿತ್ತು. ಮರಳಣ್ಣ ಬಿಡಲಿಲ್ಲ. ಆದರೆ ಒಗೆದ ಬಟ್ಟೆ ಹರವುತ್ತಿದ್ದ ಹೆಂಡತಿ ಕೇಳಿದರು, “ಏನ್ರೀ, ಇವತ್ತು ಕಪ್ಪಿನೋರು ಎಂಟು ಜನ ಜಾಸ್ತಿ ಬಂದ್ರಾ?”

“ನಂಗೇನೂ ಗೊತ್ತಿಲ್ಲ ಕಣೇ.”

“ನಿಮಗೆ ಗೊತ್ತಿಲ್ದಿದ್ರೂ ನನ್ನ ಕೋಟಿಗೆ ಗೊತ್ತು. ಎದೆ ಪೂರ್ತಿ ಬೋಳು!”

ಮಗಳು ನಗಲಿಲ್ಲ. ಅವಳ ಗಂಡ ಸಿಪಾಯಿ. ಮೊದಲ ಬೆಂಕಿಪೊಟ್ಟಣದ ಮೇಲೆ ಅಂಟಿಸಿದ ಚೀಟಿಯಲ್ಲಿ ಅವನ ಸಂಖ್ಯೆ ಇದ್ದದ್ದನ್ನು ಮರಳಣ್ಣ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಗೋ ವಾಸನೆ ಹತ್ತಿತ್ತು. “ಅಪ್ಪಾ, ಅವರು ಎಲ್ಲಿಗೆ ಹೋಗ್ತಾರೆ ಅಂತ ಹೇಳ್ಬೇಡ. ಗುಂಡಿ ಬೇಕಿದ್ರೆ ನಂದೂ ಕಿತ್ಕೋ. ನಿನ್ನ ಮೇಜಿನ ಮೇಲಾದ್ರೂ ಅವರನ್ನ ಹುಷಾರಾಗಿ ಇಳಿಸು,” ಎಂದಳು.

ಇಳಿಸುವುದೇ ತಕರಾರಾಗಿತ್ತು. ನೀರಿನ ಅಂಚಿನವರೆಗೆ ಸಿಪಾಯಿಗಳು ಹಡಗಿನ ಅಧಿಕಾರಿಯ ಮಾತು ಕೇಳಬೇಕು, ಅಂಚು ದಾಟಿದ ಮೇಲೆ ಕಾಲಾಳು ಪಡೆಯ ಅಧಿಕಾರಿಯ ಮಾತು. ಇವರಿಬ್ಬರನ್ನು ಕಚೇರಿಯವರು ನೀರಿನ ಸಾಹೇಬರು, ನೆಲದ ಸಾಹೇಬರು ಎನ್ನುತ್ತಿದ್ದರು.

“ಮೊಣಕಾಲುದ್ದ ನೀರಲ್ಲಿ ನಿಂತ ಸಿಪಾಯಿ ಯಾರವನು? ನೀರಲ್ಲಿದಾನೆ, ನಮ್ಮವನು,” ಎಂದರು ನೀರಿನ ಸಾಹೇಬರು.

“ಪಾದ ನೆಲದ ಮೇಲಿದೆಯಲ್ರೀ, ನಮ್ಮವನು!”

“ತಲೆ ಗಾಳೀಲಿದೆ. ವಿಮಾನದೋರನ್ನೂ ಕರೀರಿ ಹಾಗಾದ್ರೆ!”

ಒಂಬತ್ತು ದಿನ ಇದೇ ಆಯಿತು. ನೀರಿನ ಅಂಚಿಗೆ ಮರಳಣ್ಣ ಕೆಂಪು ದಾರ ಕಟ್ಟಿ, ಉಬ್ಬರ ಇಳಿತಕ್ಕೆ ತಕ್ಕಂತೆ ಸರಿಸುತ್ತಿದ್ದರು. ಹಿಂದೆ ಸರಿಸಿದರೆ ಒಬ್ಬರಿಗೆ ಸಿಟ್ಟು, ಮುಂದೆ ಸರಿಸಿದರೆ ಇನ್ನೊಬ್ಬರಿಗೆ. ಕೊನೆಗೆ ರಾಜಿಯಾಯಿತು: ದಾರ ತುಂಬು ಉಬ್ಬರದ ಗೆರೆಯಲ್ಲೇ ಇರಬೇಕು, ಯಾರೂ ಕದಲಿಸಬಾರದು. ಇಬ್ಬರೂ ಸಹಿ ಹಾಕಿದರು. ಅಂದಿನಿಂದ ಎಲ್ಲ ಅಳತೆಯೂ ದಾರದಿಂದಲೇ.

“ಸಮುದ್ರ ಕೇಳಬೇಕಲ್ಲ ಸಾರ್?” ಎಂದರು ಮರಳಣ್ಣ.

“ಸಹಿ ಆಗಿದೆ ಕಣಯ್ಯಾ,” ಎಂದರು ನೆಲದ ಸಾಹೇಬರು.

ದಾಳಿಗೆ ಒಂದು ಮುಂಜಾವ ನಿಗದಿಯಾಯಿತು. ಗೋಡೆಯ ಮೇಲಿನ ಉಬ್ಬರ ಇಳಿತದ ಪಟ್ಟಿ ನೋಡಿದರೆ ಆ ಮುಂಜಾವ ಪೂರಾ ಇಳಿತ. ಮರಳಣ್ಣ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಪ್ರಾಯದಲ್ಲಿ ಅದೇ ಕೊಲ್ಲಿಯಲ್ಲಿ ಅವರು ಮರಳು ಹೊತ್ತಿದ್ದರು. ಇಳಿತದಲ್ಲಿ ಅಲ್ಲಿ ನಾನೂರು ಹೆಜ್ಜೆ ಬರೀ ಕೆಸರು. ಹೂತುನಿಂತ ಸಿಪಾಯಿ ಬಂದೂಕಿಗೆ ನೆಟ್ಟ ಗುರಿಯಿದ್ದಂತೆ, ಮೊದಲು ಹೂತುಹೋಗುವವನು ಮೊದಲ ದೋಣಿಯವನು.

ಇಬ್ಬರಿಗೂ ಮೇಲಿನವರಾದ ದೊಡ್ಡ ಸಾಹೇಬರಿಗೆ ಯೋಜನೆ ತೋರಿಸುವ ದಿನ ಬಂತು. ಮರಳಣ್ಣ ಉದ್ದನೆಯ ಕೋಲಿನಿಂದ ಮೊದಲ ಬೆಂಕಿಪೊಟ್ಟಣವನ್ನು ತಳ್ಳಿ, ದಾರಕ್ಕೆ ಬಹಳ ಇತ್ತಲೇ ನಿಲ್ಲಿಸಿಬಿಟ್ಟರು.

“ಮುಂದಕ್ಕೆ ತಳ್ಳಯ್ಯಾ,” ಎಂದರು ನೆಲದ ಸಾಹೇಬರು.

“ಹೋಗಲ್ಲ ಸಾರ್. ಕೆಸರು.”

“ಮೇಜಿನ ಮೇಲೆ ಎಲ್ಲಿದೆ ಕೆಸರು?”

“ಇಲ್ಲ ಸಾರ್. ಅದೇ ತೊಂದರೆ. ಆ ಕೆಸರಲ್ಲಿ ನಮ್ಮ ಕತ್ತೆ ಹೊಟ್ಟೇವರೆಗೂ ಹೂತುಹೋಗಿತ್ತು. ಎಂಟು ಜನ ಎಳೆದ್ರೂ ಬರಲಿಲ್ಲ. ಉಬ್ಬರ ಬಂದ್ಮೇಲೆ ತಾನೇ ಈಜ್ಕೊಂಡು ಬಂದು ಎಂಟು ಜನಕ್ಕೂ ಒದೀತು.”

“ನಮ್ಮ ಸಿಪಾಯಿಗಳೇನು ಕತ್ತೆಗಳೇ?”

“ಕತ್ತೆಗೆ ನಾಲ್ಕು ಕಾಲಿತ್ತು ಸಾರ್.”

ದೊಡ್ಡ ಸಾಹೇಬರು ಕೆಮ್ಮಿದರು. ಮರಳಣ್ಣ ಕಿಟಕಿಯತ್ತ ಕೈ ತೋರಿಸಿದರು: ಕಚೇರಿಯ ಹಿಂದೆಯೂ ಅದೇ ಜಾತಿಯ ಕೆಸರು, ಈಗ ಇಳಿತದ ಹೊತ್ತು. ವರ್ಷಗಟ್ಟಲೆ ದೋಣಿ ನಿಲ್ಲುವ ದಕ್ಕೆಯ ಹಲಗೆಯ ಮೇಲಷ್ಟೇ ಓಡಾಡಿದ್ದ ನೆಲದ ಸಾಹೇಬರು, “ಹತ್ತು ಹೆಜ್ಜೆ ನಡೆದು ತೋರಿಸ್ತೀನಿ,” ಎಂದು ಇಳಿದೇಬಿಟ್ಟರು. ನಾಲ್ಕನೆಯ ಹೆಜ್ಜೆಗೆ ಮೊಣಕಾಲು ಮುಳುಗಿತು. ಐದನೆಯ ಹೆಜ್ಜೆ ಬರಲೇ ಇಲ್ಲ.

“ಹೇಗಿದೆ ನಿಮ್ಮ ನೆಲ?” ನೀರಿನ ಸಾಹೇಬರು ದಕ್ಕೆಯ ಮೇಲಿಂದ ಕೂಗಿದರು.

“ಇದು ನೆಲ ಅಲ್ಲ! ನಿಮ್ಮ ನೀರು!”

“ನೀರೆಲ್ಲಿದೆ? ಸ್ವಲ್ಪ ಒದ್ದೆ ಅಷ್ಟೇ. ನಿಮ್ಮದೇ, ಇಟ್ಕೊಳ್ಳಿ.”

ಒಂಬತ್ತು ದಿನ ಇಬ್ಬರೂ ನಂದು ನಂದು ಎಂದ ಜಾಗವನ್ನು ಒಂದೇ ಗಳಿಗೆಯಲ್ಲಿ ಇಬ್ಬರೂ ಬಿಟ್ಟುಕೊಟ್ಟರು. ದೇವರು ಮನುಷ್ಯರಿಗೆ ವೈರಾಗ್ಯ ಕಲಿಸುವ ದಾರಿಗಳು ಅನೇಕ. ದೊಡ್ಡ ಸಾಹೇಬರು ಗದರಿದ ಮೇಲೆ ಕೈ ನೀಡಲು ಬಗ್ಗಿದ ನೀರಿನ ಸಾಹೇಬರೂ ಜಾರಿ ಪಕ್ಕಕ್ಕೇ ಬಿದ್ದರು. ಮರಳಣ್ಣ ಎರಡು ಹಲಗೆ ಹಾಸಿ, ಅದರ ಮೇಲೆ ಬೋರಲಾಗಿ ಮಲಗಿ, ಒಬ್ಬೊಬ್ಬರನ್ನೇ ಎಳೆದು ತೆಗೆದರು. ಸಾಹೇಬರು ಬಂದರು, ಬೂಟುಗಳು ಬರಲಿಲ್ಲ.

ದೊಡ್ಡ ಸಾಹೇಬರು ಒಳಗೆ ಹೋಗಿ ಕೆಂಪು ದಾರವನ್ನು ತಾವೇ ಕಿತ್ತೆಸೆದರು. ದಾಳಿಯ ಹೊತ್ತು ತುಂಬು ಉಬ್ಬರಕ್ಕೆ ಹೋಯಿತು. ಆಮೇಲೆ ಮೊದಲ ಬೆಂಕಿಪೊಟ್ಟಣದ ಚೀಟಿಯನ್ನು ಮರಳಣ್ಣ ದಿಟ್ಟಿಸುತ್ತಿರುವುದನ್ನು ಕಂಡು, “ಯಾರು ಇದರಲ್ಲಿ?” ಎಂದು ಕೇಳಿದರು.

“ಅಳಿಯ ಸಾರ್.”

“ಮೊದಲೇ ಹೇಳ್ಬಾರ್ದಾಗಿತ್ತಾ? ಅವನನ್ನ ಇಲ್ಲೇ ಉಗ್ರಾಣಕ್ಕೆ ಹಾಕಿಸ್ತೀನಿ. ಹೂಂ ಅನ್ನು ಸಾಕು.”

ಮರಳಣ್ಣನ ಕಣ್ಣ ಮುಂದೆ ಮಗಳ ಮುಖ ಬಂತು. ಹೂಂ ಎಂಬ ಮಾತು ಗಂಟಲವರೆಗೂ ಬಂತು. ಅದನ್ನು ನುಂಗಿಕೊಂಡು, “ಬೇಡ ಸಾರ್. ಅಡುಗೆಮನೇಲಿ ಉಪ್ಪಿನ ಡಬ್ಬಿ ಹುಡುಕೋಕೇ ಅವನಿಗೆ ಅರ್ಧ ದಿನ ಬೇಕು,” ಎಂದರು.

“ತಮಾಷೆ ಸಾಕು. ನಿಜ ಹೇಳು.”

“ಅವನನ್ನ ಎಬ್ಬಿಸಿದ್ರೆ ಆ ಜಾಗದಲ್ಲಿ ಇನ್ಯಾರದೋ ಅಳಿಯನ್ನ ಕೂರಿಸ್ತೀರಿ ಸಾರ್. ಆ ಮಾವನಿಗೆ ನಿಮ್ಮ ಪರಿಚಯ ಇರಲ್ಲ. ನೀರು ತುಂಬಿದಾಗ ಎಲ್ಲರನ್ನೂ ಇಳಿಸಿ, ಅಷ್ಟು ಸಾಕು.”